ಪಗಾರ

ಬೈತಖೋಲದ ಬರ್ಫ ಕಾರ್ಖಾನೆಯಲ್ಲಿ ನನ್ನದು ರಾತ್ರಿ ಪಾಳಿ.
ಒಂದೊಂದು ಲಾದಿ ಐವತ್ತು ಕಿಲೊ. ಕೊಕ್ಕೆಯಿಂದ ಎಳೆದು
ಯಂತ್ರದ ಬಾಯಿಗೆ ಕೊಟ್ಟರೆ ಪುಡಿ,
ಪುಡಿಯ ಮೇಲೆ ಬಂಗಡೆ, ಬಂಗಡೆಯ ಮೇಲೆ ಪುಡಿ.
ಇಷ್ಟೇ ನನ್ನ ವಿದ್ಯೆ.

ಅವನು ಬಂದದ್ದು ಜನವರಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ.
ಚಡ್ಡಿ, ರಬ್ಬರು ಚಪ್ಪಲಿ, ಬಾಗಿಲಷ್ಟು ಎತ್ತರ.
ಮೊಣಕಾಲು ತೋರಿಸಿದ, ಎಳನೀರಿನ ಬೊಂಡದಂತೆ ಊದಿತ್ತು.
ಮೀನಿನ ಟಬ್ಬು ತೋರಿಸಿದೆ. ಕೂತ.
ನಾಲ್ಕು ಸಲಿಕೆ ಸುರಿದೆ,
ಬಂಗಡೆಗೆ ಸುರಿಯುವುದಕ್ಕಿಂತ ಒಂದು ಹೆಚ್ಚು.
ಅವನು ತನ್ನ ದೇವರ ತಾಯಿಯನ್ನು ಕರೆದ,
ಅಥವಾ ಯಾರದೋ ತಾಯಿಯನ್ನು ಬೈದ.

ಎಲಾದಿಯೊ. ಪರಾಗ್ವೆಯವನು. ಸ್ಟ್ರೈಕರ್.
ಮಾಲಾದೇವಿ ಮೈದಾನದ ಪಂದ್ಯಾವಳಿಗೆಂದು
ಧನಿ ರೋಹಿದಾಸ ಬಾನಾವಳಿ ಗೋವೆಯಿಂದ ತರಿಸಿದ್ದು, ಮೂರು ಆಟಕ್ಕೆ.
ಎರಡು ಪರ್ಸೀನ್ ಬೋಟು, ಈ ಕಾರ್ಖಾನೆ, ಒಂದು ಫುಟ್‌ಬಾಲ್ ತಂಡ,
ಧನಿಗೆ ಎಲ್ಲ ಒಂದೇ:
ತೂತು ಬಿದ್ದಲ್ಲಿ ಬೈಗುಳ ತುಂಬುತ್ತಾನೆ.

ನಮಗಿಬ್ಬರಿಗೂ ಭಾಷೆ ಇರಲಿಲ್ಲ, ಅವನ ಮೊಬೈಲಿತ್ತು.
ಹದಿನೇಳರ ಹುಡುಗ, ಪಟ್ಟೆ ಅಂಗಿ, ಹಲ್ಲೆಲ್ಲ ಕಾಣುವ ನಗು,
ಕಾಲಡಿಗೆ ನಮ್ಮದೇ ಅನ್ನುವಂಥ ಕೆಂಪು ಮಣ್ಣು.
ಬೆರಳು ಸರಿಸಿದ. ಚಿಲಿ.
ಸೈಪ್ರಸ್, ಅಲ್ಲೊಂದು ಕಪ್ಪು, ಅಲ್ಲೇ ಒಬ್ಬಳು ಹೆಂಡತಿ.
ಕಝಾಕಸ್ತಾನ: ಹಿಮದಲ್ಲಿ ಕಿತ್ತಳೆ ಬಣ್ಣದ ಚಂಡು,
ಫೋಟೊದಲ್ಲಿ ಹೆಂಡತಿ ಇಲ್ಲ.
ಮಲೇಷ್ಯಾದಿಂದ ಈಚೆಗೆ ಬರೀ ಮೊಣಕಾಲು.
ಹೊಲಿದದ್ದು, ಬಿಚ್ಚಿದ್ದು, ಮತ್ತೆ ಹೊಲಿದದ್ದು.
ಕೋಲ್ಕತ್ತೆಯ ಹೋಟೆಲೊಂದರ ಬಾಗಿಲು, ಹೊರಗಿನಿಂದ ಬೀಗ,
ಒಳಗೆ ಇವನ ಸಾಮಾನು.

ಆಗ ಅಂದ: ಪಗಾರ್.
ನನ್ನ ಸಲಿಕೆ ನಿಂತಿತು. ಏನಂದೆ ಮಾರಾಯಾ?
ಪಗಾರ್, ಎಂದ, ಕೊನೆಯ ಅಕ್ಷರ ಒತ್ತಿ,
ಎರಡೂ ಅಂಗೈ ಬಿಚ್ಚಿ. ನೋ ಪಗಾರ್.
ಯಾವ ಹಡಗಿನವನೋ
ಈ ಶಬ್ದವನ್ನು ಅವನ ದಂಡೆಗೂ ನಮ್ಮ ದಂಡೆಗೂ ಇಳಿಸಿ
ದುಡ್ಡು ಮಾತ್ರ ಇಳಿಸದೆ ಹೋದವನು!
ನಾನೂ ನಾಲ್ಕು ಬೆರಳೆತ್ತಿದೆ: ಚೌತಿಯಿಂದ ಈಚೆಗೆ ನಾಲ್ಕು ತಿಂಗಳು.
ಅವನು ನಕ್ಕ ನಗುವಿಗೆ ಟಬ್ಬಿನ ಬರ್ಫ ಜರಿಯಿತು.

ಆಮೇಲೆ ನೆಲದ ಮೇಲೆ ಬರ್ಫಿನ ಪುಡಿ ಹರಡಿ
ಬೆರಳಿನಿಂದ ತನ್ನ ದೇಶ ಬಿಡಿಸಿದ.
ಅಲೆಯ ಹಾಗೆ ಕೈ ಆಡಿಸಿ, ತಲೆ ಅಲ್ಲಾಡಿಸಿದ.
ಕಡಲೇ ಇಲ್ಲವಂತೆ. ಸುತ್ತಲೂ ಬೇರೆಯವರ ನೆಲ.
ನಾವು ನೋಡುತ್ತಿದ್ದಂತೆ ದೇಶ ಕರಗಿ ಚರಂಡಿಗೆ ಹೋಯಿತು.

ಮೊದಲ ಆಟದಲ್ಲಿ ಅವನು ಓಡಲೇ ಇಲ್ಲ,
ತಡವಾದ ಬಸ್ಸಿಗೆ ಕಾಯುವವನಂತೆ ನಿಂತಿದ್ದ.
ಹುಡುಗರು ಕರೆಂಟ್ ಕಂಬ ಎಂದು ಹೆಸರಿಟ್ಟರು.
ಮುಗಿಯಲು ಮೂರು ನಿಮಿಷ. ಎಡ ಮೂಲೆಯಿಂದ
ಸುಂಕೇರಿಯ ರುಜಾರ ಎತ್ತಿ ಕೊಟ್ಟ.
ಎಲ್ಲರೂ ಮುಂದೆ ನುಗ್ಗಿದರು,
ಇವನು ಅರ್ಧ ಹೆಜ್ಜೆ
ಹಿಂದೆ ಸರಿದ.
ಅಷ್ಟೇ. ಚಂಡು ತಾನಾಗಿ ಹಣೆ ಹುಡುಕಿಕೊಂಡು ಬಂತು.
ಹದಿನೈದು ವರ್ಷ, ಆರು ದೇಶ ತಿರುಗಿ ಕಲಿತದ್ದು
ಆ ಅರ್ಧ ಹೆಜ್ಜೆ.

ಎರಡನೆಯದನ್ನು ಹುಡುಗರೇ ಗೆದ್ದರು.
ಫೈನಲಿನಲ್ಲಿ ಆ ಅರ್ಧ ಹೆಜ್ಜೆಗೆ ಮೊಣಕಾಲು ಒಪ್ಪಲಿಲ್ಲ.
ಕಪ್ಪು ಕೋಡಿಬಾಗಕ್ಕೆ.
ಧನಿ ವೇದಿಕೆಯ ಹಿಂದೆ ಲೆಕ್ಕ ಹಾಕಿದ:
ಒಂದು ಗೋಲು, ಒಂದು ಆಟದ ದುಡ್ಡು.
ಮೇಲೊಂದು ಶಾಲು, ಕಾಲು ಕಿಲೊ ಕಾಜು.

ಆ ರಾತ್ರಿಯೂ ಬಂದ. ಮಾತಿಲ್ಲ.
ಆರು ಸಲಿಕೆ ಸುರಿದೆ. ಕಾಜು ಇಬ್ಬರೂ ತಿಂದೆವು.
ಶಾಲು ನನ್ನ ಹೆಗಲಿಗೆ ಹಾಕಿ
ಮೊದಲ ಮಡಗಾಂವ ಬಸ್ಸಿಗೆ ಕುಂಟುತ್ತ ಹೋದ,
ಧಕ್ಕೆಯ ಕಡೆಗೊಮ್ಮೆ, ಕಡಲಿಗೆ, ಕೈ ಎತ್ತಿ.

ಬೋಟು ಬಂದಾಗ ನೋಡಿದೆ: ಪುಡಿ ಗಟ್ಟಿಯಾಗಿ
ಟಬ್ಬಿನ ನಡುವೆ ಅವನ ಕಾಲಿನ ಗುಂಡಿ.
ಒಡೆಯಬೇಕಿತ್ತು.
ಒಡೆಯದೆ ಅದರಲ್ಲೇ ಬಂಗಡೆ ಸುರಿದೆ,
ಲಾರಿ ಕೇರಳಕ್ಕೆ ಹೋಯಿತು.

ಧನಿ ಇವತ್ತು ಹೇಳಿದ್ದಾನೆ,
ಹುಣ್ಣಿಮೆ ಕಳೆಯಲಿ, ನೋಡುವಾ.