ಆರೋ ಎಂಟೋ

ಕೊಸುಮೆಲ್ ದ್ವೀಪದ ಹಿಂಬೀದಿಯಲ್ಲಿ
ಐಸ್ ಕಾರ್ಖಾನೆಯ ಮಗ್ಗುಲಿಗೆ ನಮ್ಮ ಮನೆ.
ಮೇಜಿನ ಮೇಲೆ ತೊರ್ತಿಯಾ ಸುತ್ತಿಟ್ಟ ಬಟ್ಟೆ ಸರಿಸಿ
ನೂರಾ ಹನ್ನೆರಡು ಫೋಟೊ ಹರಡಿದ್ದೇನೆ.
ಶುಕ್ರವಾರದೊಳಗೆ ಒಂದೊಂದಕ್ಕೂ ಹೆಸರು ಬರೆದು
ಮೆರೀದಾದ ಪ್ರಯೋಗಾಲಯಕ್ಕೆ ಕಳಿಸಬೇಕು.

ಹುಳಗಳು ಸುಲಭ ಅಂದುಕೊಂಡಿದ್ದೆ.
ಮಿದುಳುಹವಳದ ಬೋಳುತಲೆಯ ಮೇಲೆ
ಜೋಡಿ ಜೋಡಿ ಸುರುಳಿ ಗೋಪುರ: ಕ್ರಿಸ್ಮಸ್ ಮರದ ಹುಳ.
ಎರಡೆಂದು ಎಣಿಸಿದರೆ ತಪ್ಪು,
ಎರಡೂ ಒಂದೇ ಹುಳದ ಕಿವಿರು.
ನೆರಳು ಬಿದ್ದರೆ ಸಾಕು, ಇಲ್ಲವೇ ಇಲ್ಲ.
ಹನ್ನೊಂದು ಫೋಟೊಗಳಲ್ಲಿ ಬರಿ ತೂತು,
ಒಳಗಿಂದ ಬಾಗಿಲು ಹಾಕಿಕೊಂಡದ್ದು.
ಅದರ ಕೆಳಗೆ ಏನು ಬರೆಯಲಿ,
ಈಗಷ್ಟೇ ಇತ್ತು, ಎಂದೇ?

ಮರಳ ಮೇಲೆ ಬಿಳಿ ಎಳೆ ಎಳೆ,
ಯಾರೋ ಶಾವಿಗೆ ಒಣಹಾಕಿ ಮರೆತ ಹಾಗೆ.
ಎಳೆಯ ಒಡೆಯ ಬಂಡೆಯಡಿಗೆ; ಮೈ ತೋರಿಸಿದ್ದೇ ಇಲ್ಲ.
ಬೆಂಕಿಹುಳದ ಪರಿಚಯ ಮಾತ್ರ ಖುದ್ದಾಗಿ ಆದದ್ದು.
ಅಂಚಿಗೆ ಬಿಳಿ ರೋಮ, ರೇಷ್ಮೆ. ಮುಟ್ಟಿದೆ.
ಅಂಟುಪಟ್ಟಿ ಹಚ್ಚಿ ಹಚ್ಚಿ ಕಿತ್ತರೂ
ಮೂರು ದಿನ ಬೆರಳು ಉರಿಯಿತು.
ಅದರ ಹೆಸರನ್ನು ಪುಸ್ತಕ ನೋಡದೆ ಬರೆದೆ.

ತಕರಾರು ಕರಿಹವಳದ್ದು.
ಹೆಸರಿಗೆ ಕರಿ. ಹೆಸರಿಟ್ಟವರು ನೋಡಿದ್ದು ಹೆಣ.
ಫೋಟೊದಲ್ಲಿ ಒಂದು ತುಕ್ಕುಗೆಂಪು, ಒಂದು ಪಾಚಿಹಸಿರು,
ಒಂದು, ಬೂದಿ ಎರಚಿದ ಪೊದೆ.
ಪಕ್ಕದಲ್ಲೇ ಕಡಲಬೀಸಣಿಗೆ, ಕಡಲಚಾಟಿ,
ಅವಕ್ಕೂ ಅದೇ ಬಣ್ಣ, ಅದೇ ಕೊಂಬೆ.
ಭೂತಗನ್ನಡಿ ಹಿಡಿದು ಪಾಲಿಪಿನ ಬೆರಳೆಣಿಸು ಎನ್ನುತ್ತಾರೆ:
ಆರಿದ್ದರೆ ಕರಿಹವಳ, ಎಂಟಿದ್ದರೆ ಅಲ್ಲ.
ನನ್ನ ಫೋಟೊ ಅಲುಗಿದೆ.
ಆರೋ ಎಂಟೋ.

"ಕೊಡು ಇಲ್ಲಿ, ಸಾಸಿಲ್" ಅಂದ ಎಲಿಹಿಯೊ ಅಜ್ಜ.
ಅಜ್ಜನಿಗೆ ಎಡಗಿವಿ ಕೇಳದು, ಬಲಗಾಲು ಎಳೆಯುತ್ತದೆ,
ಅರವತ್ತು ಮೀಟರಿನಿಂದ ಅವಸರದಲ್ಲಿ ಮೇಲೆ ಬಂದ
ಒಂದು ಮಧ್ಯಾಹ್ನದ ಬಾಕಿ.
ಆಗೆಲ್ಲ ಗರಗಸ ಸೊಂಟಕ್ಕೆ ಕಟ್ಟಿ ಇಳಿಯುತ್ತಿದ್ದನಂತೆ.
ಹಡಗಿನಿಂದ ಇಳಿದವರ ಕೊರಳಿಗೆ ಶಿಲುಬೆ, ಬೆರಳಿಗೆ ಉಂಗುರ,
ಒಮ್ಮೆ ಯಾರದೋ ಮದುವೆಗೆ
ಚದುರಂಗದ ಇಡೀ ಕರಿಸೇನೆ.

ಫೋಟೊವನ್ನು ಕಣ್ಣಿಗೆ ಹತ್ತಿರ ತರಲಿಲ್ಲ, ದೂರ ಹಿಡಿದ.
"ಬೆರಳು ಯಾಕೆ ಎಣಿಸುತ್ತೀ?
ಮುಟ್ಟಿದಾಗ ಒಳಗೆ ಮುದುರಿಕೊಂಡಿತೇ?"
ಇಲ್ಲ.
"ಎಂಟರದು ಮುದುರಿಕೊಳ್ಳುತ್ತದೆ.
ಇದಕ್ಕೆ ಬಚ್ಚಿಟ್ಟುಕೊಳ್ಳಲು ಬರುವುದಿಲ್ಲ."

ಆಮೇಲೆ ಒಂದು ಕೊಂಬೆಯ ಗುಂಟ ಉಗುರೆಳೆದ.
"ಈ ಉಬ್ಬು ನೋಡಿದೆಯಾ? ಸುರಂಗ. ಒಳಗೆ ಹುಳವಿದೆ,
ಚಪ್ಪಟೆ, ಬೆನ್ನೆಲ್ಲ ಹೆಂಚು ಹೊದ್ದದ್ದು.
ಅದು ಓಡಾಡುವ ದಾರಿಗೆ
ಹವಳವೇ ಸೂರು ಕಟ್ಟಿಕೊಡುತ್ತದೆ.
ಎಷ್ಟು ಉಜ್ಜಿದರೂ ಅಲ್ಲಿ ಹೊಳಪು ಬರುತ್ತಿರಲಿಲ್ಲ.
ಅಂಥ ಕೊಂಬೆ ಎಸೆಯುತ್ತಿದ್ದೆವು."
ತುಸು ತಡೆದು,
"ಹುಳದ ಸಮೇತ."

ನನ್ನ ತಲೆಗೊಂದು ಹುಳ ಬಿಟ್ಟು ಅಜ್ಜ ಕಾಫಿಗೆ ಎದ್ದ.
ಇದನ್ನು ಯಾವ ಪಟ್ಟಿಗೆ ಸೇರಿಸಲಿ, ಹುಳದ್ದೋ ಹವಳದ್ದೋ?

ಗೂಡಿನಲ್ಲಿ ಅಜ್ಜಿ ಹಸಿಂತಾಳ ಓಲೆ ಇತ್ತು, ಅಡ್ಡಕೊಯ್ದ ಕರಿ ಬಿಲ್ಲೆ.
ಗಾಜಿನಡಿ ಹಿಡಿದೆ. ಒಂದರೊಳಗೊಂದು ಬಳೆ, ಕೂದಲೆಳೆ ತೆಳುವು.
ಎಂಬತ್ತೇಳಕ್ಕೆ ಲೆಕ್ಕ ತಪ್ಪಿತು; ನಡುವಿನ್ನೂ ದೂರವಿತ್ತು.
ಇದು ಬದುಕಿದ್ದಾಗ ಯಾವ ಬಣ್ಣ ಅಜ್ಜಾ?
ಕೇಳದ ಕಿವಿಯ ಕಡೆ ನಿಂತು ಕೇಳಿದ್ದೆ.
ಬಲಕ್ಕೆ ಬಂದು ಮತ್ತೆ ಕೇಳಿದೆ.

"ಅಷ್ಟು ಆಳದಲ್ಲಿ ಕೆಂಪು ಕಾಣುವುದಿಲ್ಲ ಮಗಳೇ.
ನಾವು ದೀಪ ಒಯ್ಯುತ್ತಿರಲಿಲ್ಲ."

ಫೋಟೊ ನಲವತ್ತಮೂರು. ಕರಿಹವಳ, ಎಂದು ಬರೆದೆ.
ಬಣ್ಣ: ತುಕ್ಕುಗೆಂಪು.
ಜೊತೆಗಿರುವುದು: ಹುಳ, ಕಾಣುತ್ತಿಲ್ಲ.
ಗುರುತಿಸಿದವರು: ಎಲಿಹಿಯೊ ಕಾಂಚೆ.

ಅಜ್ಜ ಕಪ್ಪು ಕೆಳಗಿಟ್ಟು ಬಗ್ಗಿ ಓದಿದ.
ಕೊನೆಯ ಅಕ್ಷರದ ಮೇಲಿನ ಗೀಟು ಬಿಟ್ಟಿದ್ದೀ, ಎಂದು
ಪೆನ್ನು ಕಿತ್ತುಕೊಂಡು
ತಾನೇ ಎಳೆದ.