ತಿರುಗಿ ಬರುವ ಕಾರಣ

ಆರು ತಿಂಗಳ ಬ್ಯಾಂಕಿನ ಲೆಕ್ಕ, ಮನೆ ಬಾಡಿಗೆಯ ಕರಾರು,
ಗ್ರಿಮ್ಸ್‌ಬಿಯಿಂದ ಅಕ್ಕ ಡೊರೀನ್ ಬರೆದ ಪತ್ರ:
"ಮಹಡಿಯ ಕೋಣೆ ಖಾಲಿ ಇದೆ. ಹುಡುಗನಿಗೆ ಮಂಚ ಚಿಕ್ಕದಾದೀತು."
ಎಲ್ಲವನ್ನೂ ಊಟದ ಚಾಪೆಯ ಮೇಲೆ ಹರಡಿಕೊಂಡು
ಸವನ್ನಖೇತಿನ ಸೆಕೆಯಲ್ಲಿ ಕೂತಿದ್ದೇನೆ.
ಫ್ಯಾನು ಈ ಕಡೆ ತಿರುಗಿದಾಗೆಲ್ಲ ಮದುವೆಯ ಸರ್ಟಿಫಿಕೇಟು
ಎದ್ದು ಹೊರಡುತ್ತದೆ.
ಪಪ್ಪಾಯಿಕಾಯಿ ಜಜ್ಜುವ ಕುಟ್ಟಣಿಯನ್ನು ಅದರ ಮೇಲೆ ಹೇರಿದೆ.

ಕೇಳುತ್ತಾರೆ: ಮೊದಲ ಭೇಟಿ ಎಲ್ಲಿ, ಯಾವಾಗ, ಸಾಕ್ಷಿ ಏನು.
ಮಗ್ಗದ ಅಂಗಡಿಯಲ್ಲಿ ಚೌಕಾಸಿ ಮಾಡಿದೆ,
ಮನಿವೋನ್ ಬೆಲೆ ಇಳಿಸಲಿಲ್ಲ,
ಮರುದಿನವೂ ಹೋದೆ, ಅದರ ಮರುದಿನವೂ,
ಬೇಡದ ಮೂರು ಶಾಲು ಕೊಂಡೆ.
ರಸೀದಿ ಇಲ್ಲ.
ಶಾಲುಗಳ ಫೋಟೋ ಅಂಟಿಸಿದೆ.

ಹುಡುಗನಿಗೂ ನಿಮಗೂ ಏನು ಸಂಬಂಧ?
ತೂಯ್, ಹಾಗೆಂದರೆ ದಡಿಯ, ಇರುವುದು ಹಂಚಿಕಡ್ಡಿಯ ಹಾಗೆ,
ನನ್ನನ್ನು ಲುಂಗ್ ಎನ್ನುತ್ತಾನೆ: ದೊಡ್ಡಪ್ಪ.
ಊರಿನ ನರೆಗೂದಲಿನವರೆಲ್ಲ ಅವನಿಗೆ ಲುಂಗ್,
ಟುಕ್‌ಟುಕ್ ಓಡಿಸುವವನೂ, ಲಾಟರಿ ಮಾರುವವನೂ.
'ಮಲತಂದೆ' ಎಂದು ಬರೆದೆ.
ಸುಳ್ಳಲ್ಲ. ಆದರೂ ಬೇರೆಯವರ ಅಂಗಿ ತೊಟ್ಟಂತಾಯಿತು.

ಹೆತ್ತ ತಂದೆಯ ಒಪ್ಪಿಗೆ ಪತ್ರ, ಸಹಿ ಸಮೇತ.
ನಾಲ್ಕು ವರ್ಷದಿಂದ ಅವನ ಸುದ್ದಿಯಿಲ್ಲ.
ಹೆಸರೆತ್ತಿದರೆ ಮನಿವೋನ್ ಲಾಳಿಯನ್ನು ಜೋರಾಗಿ ತಳ್ಳುತ್ತಾಳೆ.
ಕೊನೆಗೆ ಅವಳ ಸೋದರಮಾವ ಬಾಯಿಬಿಟ್ಟ:
ಹೊಳೆಯಾಚೆ, ಮುಕ್ದಾಹಾನಿನ ಐಸ್ ಫ್ಯಾಕ್ಟರಿಯಲ್ಲಿದ್ದಾನೆ.
ಹೊಳೆಯಾಚೆ!
ಸಂಜೆ ಸಂಜೆ ನಾವು ಮೀನು ಸುಡುವ ದಂಡೆಗೆ
ಕಾಣುವ ದೀಪಗಳಲ್ಲೇ ಒಂದರ ಕೆಳಗೆ.

ಸೇತುವೆಯ ಬಸ್ಸಿನಲ್ಲಿ ಒಬ್ಬನೇ ಹೋದೆ.
ಜಗಳಕ್ಕೆ ಬೇಕಾದ ಮಾತೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.
ಜೇಬಲ್ಲಿ ದುಡ್ಡೂ ಇತ್ತು, ಕೇಳಿದರೆ ಇರಲಿ ಎಂದು.
ಖಾಂಫೇಟ್ ಹೊರಗೆ ಬಂದ. ರೆಪ್ಪೆಯ ಮೇಲೆ ಬಿಳಿ ಹುಡಿ.
ತೂಯ್‌ಗಿರುವ ಅದೇ ಮಡಚಿದಂಥ ಎಡಗಿವಿ.
ಅದು ಮನಿವೋನ್ ಕಡೆಯದೆಂದುಕೊಂಡಿದ್ದೆ ಇಷ್ಟು ದಿನ.

ಬೆರಳಿಟ್ಟು ಸಾಲು ಸಾಲಾಗಿ ಓದಿದ. ಸಹಿ ಹಾಕಿದ.
ಬಾಯಿಪಾಠದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ.
"ಅಲ್ಲಿ ಚಳಿಯಾ?"
"ಮೇ ತಿಂಗಳಲ್ಲಿ ಅಷ್ಟೇನಿಲ್ಲ."
"ಅಷ್ಟೇನಿಲ್ಲ ಅಂದರೆ?"
ದಿನವಿಡೀ ಐಸ್ ಕೊಯ್ಯುವವನಿಗೆ
ಚಳಿಯ ಬಗ್ಗೆ ನಾನೇನು ಹೇಳಲಿ!
ತೊಟ್ಟಿದ್ದ ಸ್ವೆಟರನ್ನು ತಲೆಯ ಮೇಲಿಂದೆಳೆದು ಕೈಗಿಟ್ಟ.
ಮೊಣಕೈಯಲ್ಲಿ ತೂತು. ಅಮೋನಿಯಾದ ವಾಸನೆ.
ಯಾರು ಕೊಟ್ಟರೆಂದು ಹೇಳಬೇಡ ಎಂದನೋ
ಹೇಳು ಎಂದನೋ,
ಮೋಟರಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ.

ವಿಯೆಂಟಿಯಾನ್. ಕೌಂಟರಿನಲ್ಲಿ ಬೆರಳಚ್ಚು.
ಮಗ್ಗ ಸವೆಸಿದ ಮನಿವೋನಳ ಬೆರಳು ಯಂತ್ರಕ್ಕೆ ಗುರುತೇ ಹತ್ತಲಿಲ್ಲ.
ಒರೆಸಿ. ಇನ್ನೊಮ್ಮೆ. ಒತ್ತಿ. ಇನ್ನೊಮ್ಮೆ.
ಹದಿನೇಳು ವರ್ಷದ ರೇಷ್ಮೆ, ಗಾಜಿನ ಮೇಲೆ ಬರೀ ಮಬ್ಬು.
ಅವಳು ನಕ್ಕಳು. ಅದು ನಾಚಿಕೆಯ ನಗು, ನನಗೆ ಗೊತ್ತು.
ಏಳನೆಯ ಸಲಕ್ಕೆ ಹಸಿರು ದೀಪ.

ತಿರುಗಿ ಬರುತ್ತೀರೆಂಬುದಕ್ಕೆ ಕಾರಣವೇನು?
ಶಾಲೆಯ ಪತ್ರ, ಅಂಗಡಿಯ ಲೈಸೆನ್ಸು ಲಗತ್ತಿಸಿದ್ದೆ.
ತೂಯ್ ಕಟ್ಟೆಗೆ ಗದ್ದ ಊರಿ, ಯಾರೂ ಕೇಳದೆ ಹೇಳಿದ:
"ಕೆಂಪು ಕೋಳಿ ಕಾವಿಗೆ ಕೂತಿದೆ. ಒಂಬತ್ತು ಮೊಟ್ಟೆ.
ಮರಿಗಳನ್ನು ಹದ್ದಿನಿಂದ ಕಾಯೋರು ಯಾರು?"
ಆಯಮ್ಮ ಟೈಪು ಮಾಡಲಿಲ್ಲ.
ಅದಕ್ಕೆ ಕಾಲಂ ಇರಲಿಲ್ಲ.

ರಾತ್ರಿ ಬಸ್ಸು. ಸ್ವೆಟರ್ ತೊಟ್ಟೇ ನಿದ್ದೆ ಹೋಗಿದ್ದಾನೆ,
ತೋಳು ಮೊಣಕಾಲಿನವರೆಗೆ, ಕತ್ತೆಲ್ಲ ಬೆವರಿ ತೊಪ್ಪೆ.
ಎಲ್ಲಿಯದೆಂದು ಅವನು ಕೇಳಿಲ್ಲ, ನಾನು ಹೇಳಿಲ್ಲ.
ಎಡಗಿವಿ ನನ್ನ ಭುಜಕ್ಕೊತ್ತಿದೆ.
"ಬಿಚ್ಚಲಾ?" ಎಂದು ಮನಿವೋನ್ ಕೈಚಾಚಿದಳು.
ಕತ್ತಿನ ಪಟ್ಟಿಯ ಹಳೆಯ ಹೊಲಿಗೆಯ ಮೇಲೆ
ಅವಳ ಹೆಬ್ಬೆರಳು ಒಮ್ಮೆ ಹೋಗಿ, ಒಮ್ಮೆ ಬಂದು, ನಿಂತಿತು.
"ಇರಲಿ ಬಿಡು" ಎಂದಳು, ತಾನೇ.
ಆ ಹೊಲಿಗೆ ಯಾರು ಹಾಕಿದ್ದೆಂದು
ನಾನೂ ಕೇಳಲಿಲ್ಲ.