ಅಳತಿ ಚೌಕಟ್ಟು

ಐವತ್ತೈದು, ಮೂವತ್ತೈದು, ಇಪ್ಪತ್ತೈದು.
ಹುಬ್ಬಳ್ಳಿ ವಿಮಾನ ನಿಲ್ದಾಣದಾಗ
ಈ ಕಬ್ಬಿಣದ ಚೌಕಟ್ಟು ಕಾಯೂದು ನನ್ನ ಕೆಲಸ.
ಹೊಕ್ಕರ ಒಳಗ, ಹೊಗದಿದ್ರ ರೊಕ್ಕ.

ಗದಗಿನ ಅಂದಾನೆಪ್ಪನವರ ಕಟಗಿ ಪೆಟ್ಟಿಗಿ
ಎರಡು ಬೆರಳು ಹೊರಗ ಉಳೀತು.
ಅಡ್ಡ ಇಟ್ರು, ಉದ್ದ ಇಟ್ರು,
ಹಿಂದಿನವರು ಗಡಿಯಾರ ನೋಡಿದ್ರು.
“ಲಗೇಜಿಗೆ ಹಾಕ್ರಿ ಯಜಮಾನ್ರ.”
“ಅಚ್ಚಿನ ಮೊಳಿ ತಂಗಿ, ಎತ್ತಿ ಒಗದ್ರ ಕಲಸಿ ಹೊಕ್ಕಾವ.
ನಲವತ್ತು ವರ್ಷ
ಒಂದೊಂದಕ್ಕ ಒಂದೊಂದು ಮನಿ ಮಾಡಿ ಇಟ್ಟೇನಿ.”

ನೆಲದ ಮ್ಯಾಲೆ ಕುಂತ್ರು.
ಸ್ವರ ಅಂಗಿ ಕಿಸೆಕ್ಕ,
ಕ-ಖ-ಗ ಎಡಕ್ಕ, ಪ-ಫ-ಬ ಬಲಕ್ಕ,
ಒತ್ತಕ್ಷರ ಕರವಸ್ತ್ರದಾಗ ಗಂಟು.
ಖಾಲಿ ಪೆಟ್ಟಿಗಿ ಅಳಿಯನ ಕೈಯಾಗ ಹೊರಗ.
ಕಿಸೆಕ್ಕ ಅಳತಿ ಇಲ್ಲ ನಮ್ಮ ನಿಯಮದಾಗ,
ನಾ ಸುಮ್ಮನಿದ್ದೆ.

ಮುಂದ ಲೋಹದ ಬಾಗಿಲು ಕೂಗಿತು.
ಜವಾನ ಟ್ರೇ ಚಾಚಿದ.
ಸುರುವಿದ್ರು. ಸಳಸಳ ಬಿದ್ದು
ಕ, ಫ, ಔ, ಎಲ್ಲಾ ಒಂದ ರಾಶಿ.
ಮುದುಕ ನನ್ನ ಕಡೆ ತಿರುಗಿ ನೋಡಲಿಲ್ಲ.

ಪುಣೆ ವಿಮಾನ ಹಾರಿದ ಮ್ಯಾಲೆ
ಟ್ರೇ ಮೂಲ್ಯಾಗ ಒಂದು ಉಳದಿತ್ತು.
ಉಲ್ಟಾ ಕೆತ್ತಿದ್ದು, ಓದಾಕ ಬರವಲ್ದು.
ಅಂಗೈಗೆ ಗಟ್ಟಿ ಒತ್ತಿ ಹಿಡದೆ:
ಞ.
ಸಾಲ್ಯಾಗ ತಿದ್ದಿದ್ದು,
ಆಮ್ಯಾಲೆ ಅದರ ಗೊಡವಿನ ಬರಲಿಲ್ಲ.

ಕಳೆದ ಸಾಮಾನಿನ ರಜಿಸ್ಟರದಾಗ
‘ಅಳತಿ’ ಅಂತ ಒಂದು ಕಾಲಂ ಐತಿ.
ಪೆನ್ನು ಹಿಡಕೊಂಡು ಕುಂತೇನಿ.